ಬೆಕ್ಕಿಗೆಂದು ಇಟ್ಟ ಕೊನೆಯ ಪ್ಲೇಟು

ನಮ್ಮ ಟ್ರೇಲರಿಗೆ ಮೂರು ಮೆಟ್ಟಿಲಿದ್ದವು. ನಡುವಿನ ಮೆಟ್ಟಿಲನ್ನು ನಾವು ತುಳಿಯುತ್ತಿರಲಿಲ್ಲ, ಯಾಕೆಂದರೆ ಅದರ ಮೇಲೆ ಹೈಪೋ ಮಲಗಿರುತ್ತಿತ್ತು. ಹೈಪೋ ಅಂದರೆ ನಮ್ಮ ಬೆಕ್ಕು. ಅದು ಸತ್ತು ಐದು ವರ್ಷವಾಯಿತು, ಟ್ರೇಲರು ಮಾರಿ ಒಂದು ವರ್ಷವಾಯಿತು. ಈಗ ಹಾವೇರಿಯಲ್ಲಿ ನಾವಿರುವ ಬಾಡಿಗೆ ಮನೆಗೂ ಮೂರು ಮೆಟ್ಟಿಲಿವೆ, ನಡುವಿನದನ್ನು ಬಿಟ್ಟು ಹತ್ತುವ ಚಾಳಿ ಇನ್ನೂ ಹೋಗಿಲ್ಲ. ಎದುರುಮನೆಯ ಗೋದೂಬಾಯಿ ನನಗೆ ಮೊಣಕಾಲು ನೋವು ಅಂದುಕೊಂಡು ಎಣ್ಣೆ ಕಾಸಿ ಕಳಿಸಿದಳು. ನಾನು ತಿಕ್ಕಿಕೊಂಡೆ. ಬೆಕ್ಕಿನ ಕತೆ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ನನ್ನ ಹೆಸರು ಭಾಗೀರಥೀಬಾಯಿ. ಗಂಡನ ಹೆಸರನ್ನು ನಾನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವ ಪ್ರಸಂಗವೂ ಬರುತ್ತಿರಲಿಲ್ಲ. ಟ್ರೇಲರಿನ ಎರಡೂ ಮಗ್ಗುಲಿಗೆ ಗೇಣುದ್ದದ ಅಕ್ಷರಗಳಲ್ಲಿ ‘ಅಣ್ಣಾಜಿ, ಫೋಟೋಗ್ರಾಫರ್, ಹಾವೇರಿ’ ಎಂದು ಬರೆದಿತ್ತು. ಬೆಳಗಾವಿಯ ಲಿಲಾವಿನಲ್ಲಿ ಸವಾಲು ಕೂಗಿ ಇವರು ಅದನ್ನು ಹಿಡಿದು ತಂದಾಗ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಯಾವನೋ ಸರ್ವೇ ಸಾಹೇಬ ತಿರುಗಾಟಕ್ಕೆ ಮಾಡಿಸಿಕೊಂಡಿದ್ದ ಎರಡು ಗಾಲಿಯ ಮರದ ಕೋಣೆ ಅದು. ಹಳೆಯ ಮೋಟಾರಿನ ಹಿಂದೆ ಕಟ್ಟಿ ಎಳೆಯುವುದು. ಒಳಗೆ ಅಡ್ಡಕ್ಕೆ ಹಲಗೆ ಬಡಿದು, ಕಿಟಕಿಗೆ ಕೆಂಪು ಗಾಜು ಕೂಡಿಸಿ, ಅರ್ಧ ಭಾಗವನ್ನು ಫೋಟೋ ತೊಳೆಯುವ ಕತ್ತಲೆ ಕೋಣೆ ಮಾಡಿದರು. ಉಳಿದರ್ಧದಲ್ಲಿ ನಾವು. ನೆಂಟರು ಬಂದು ನೋಡಿ, ಮಡಿ ಹೇಗೆ, ದೇವರು ಎಲ್ಲಿ, ನೀರು ಯಾರು ತರುತ್ತಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಊರ ಜನ ಅದಕ್ಕೆ ‘ಫೋಟೋ ಡಬ್ಬಿ’ ಎಂದು ಹೆಸರಿಟ್ಟರು.

ಹಾವೇರಿ ಬಿಟ್ಟರೆ ಮೋಟೆಬೆನ್ನೂರು, ಬ್ಯಾಡಗಿ, ರಾಣೇಬೆನ್ನೂರು, ಅಲ್ಲಿಂದ ಹೊಳೆಯ ಕಡೆ ಐರಣಿ. ತಿರುಗಿ ಅದೇ ದಾರಿ. ಎಲ್ಲಿ ನಿಲ್ಲಬೇಕು ಎಂಬುದನ್ನು ಗಿರಾಕಿಗಳಿಗಿಂತ ನೀರೇ ಹೇಳುತ್ತಿತ್ತು. ಒಂದು ಪ್ಲೇಟು ತೊಳೆಯಬೇಕೆಂದರೆ ಕೊಡಗಟ್ಟಲೆ ನೀರು ಬೇಕು. ಪ್ಲೇಟು ಅಂದರೆ ಗಾಜಿನದು, ಒಂದು ಮಗ್ಗುಲಿಗೆ ಮದ್ದು ಬಳಿದದ್ದು. ಚಿತ್ರ ಮೊದಲು ಅದರ ಮೇಲೆ ಮೂಡುತ್ತದೆ, ಆಮೇಲೆ ಕಾಗದಕ್ಕೆ ಇಳಿಯುತ್ತದೆ. ಇವರು ತೆಗೆಯುವವರು, ನಾನು ತೊಳೆಯುವವಳು. ಮುಖದ ಮೇಲಿನ ಸುಕ್ಕು, ಸಿಡುಬಿನ ಕಲೆ ಇವನ್ನೆಲ್ಲ ಚೂಪು ಪೆನ್ಸಿಲಿನಿಂದ ತುಂಬಿ ಮುಚ್ಚುವುದೂ ನನ್ನ ಕೆಲಸವೇ. ತೆಗೆಯುವುದೂ ನನಗೆ ಬರುತ್ತಿತ್ತು. ಹೆಂಗಸು ಫೋಟೋ ತೆಗೆಯುತ್ತಾಳೆಂದರೆ ಯಾರೂ ಬಂದು ಕೂಡ್ರುತ್ತಿರಲಿಲ್ಲವಾದ್ದರಿಂದ ಅದನ್ನು ಹೊರಗೆ ಹೇಳುತ್ತಿರಲಿಲ್ಲ.

ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಸತ್ತವರು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಬದುಕಿದ್ದಾಗ ಹತ್ತಿರ ಬರುತ್ತಿರಲಿಲ್ಲ. ಸತ್ತ ಮೇಲೆ ಆ ಅಂಜಿಕೆ ಇಲ್ಲವಲ್ಲ. ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿ, ರುಮಾಲು ಸುತ್ತಿ, “ಲಗೂ ಬರ್ರಿ, ಮಣ್ಣಿಗೆ ಹೊತ್ತಾತು” ಎಂದು ಆಳು ಕಳಿಸುತ್ತಿದ್ದರು. ಇವರು ಕ್ಯಾಮರಾ ಹೊತ್ತುಕೊಂಡು ಹೋಗಿ ತೆಗೆದು ಬರುತ್ತಿದ್ದರು. ಅಲುಗಾಡದ ಗಿರಾಕಿಗಳು ಎಂದು ನಗುತ್ತಿದ್ದರು. ಆಮೇಲೆ ಕಾಗದದ ಮೇಲೆ, ಮುಚ್ಚಿದ ರೆಪ್ಪೆಗಳ ಜಾಗದಲ್ಲಿ, ನಾನು ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಿದ್ದೆ. ಹತ್ತು ವರ್ಷ ಕಣ್ಣು ಬರೆದ ಮೇಲೆ ಹೆಣ ನೋಡಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ.

ತ್ರಾಸು ಕೊಡುತ್ತಿದ್ದವರು ಬದುಕಿದ್ದವರೇ. ಮೋಟೆಬೆನ್ನೂರಿನಲ್ಲಿ ಒಮ್ಮೆ ಅರಿಷಿಣ ಹಚ್ಚಿಕೊಂಡಿದ್ದ ಮದುಮಗಳನ್ನು ಹಾಗೇ ಕೂಡ್ರಿಸಿ ತೆಗೆದುಬಿಟ್ಟರು. ನಮ್ಮ ಪ್ಲೇಟುಗಳಿಗೆ ಹಳದಿ ಬಣ್ಣ ಕಾಣುತ್ತಿರಲಿಲ್ಲ. ಹಳದಿ ಇದ್ದಲ್ಲೆಲ್ಲ ಕಪ್ಪು ಬೀಳುತ್ತಿತ್ತು. ಕೆಂಪನೆಯ ಹುಡುಗಿ ಇದ್ದಿಲಾಗಿ ಬಂದಳು. ಅವಳಪ್ಪ ಬಡಿಗೆ ಹಿಡಿದುಕೊಂಡು ಟ್ರೇಲರಿನ ತನಕ ಬಂದ. ಅವತ್ತಿನಿಂದ ಗಿರಾಕಿಗಳಿಗೆ ಮೊದಲು ಮುಖ ತೊಳೆಸುವುದು ನನ್ನ ಪಾಲಿಗೆ ಬಿತ್ತು.

ಹೈಪೋ ನಮಗೆ ಸಿಕ್ಕಿದ್ದು ಮೂವತ್ನಾಲ್ಕರಲ್ಲಿ, ಹಾವೇರಿಯ ಹೆಗ್ಗೇರಿ ಕೆರೆಯ ದಂಡೆಗೆ ಟ್ರೇಲರು ನಿಂತಿದ್ದಾಗ. ಹೈಪೋ ಅನ್ನುವುದು ಮೂಡಿದ ಚಿತ್ರ ಅಳಿಯದಂತೆ ಮಾಡುವ ಒಂದು ಬಿಳಿಯ ಉಪ್ಪು. ಅದರ ಖಾಲಿ ಪೆಟ್ಟಿಗೆಯೊಳಗೆ ಒಂದು ಮರಿ ಮಲಗಿತ್ತು, ಪೆಟ್ಟಿಗೆಯ ಮೇಲಿದ್ದ ಹೆಸರೇ ಅದಕ್ಕಾಯಿತು. ಮೈಯೆಲ್ಲ ಬಿಳುಪು, ಬೇರೆ ಬಣ್ಣದ ಒಂದು ಕೂದಲೂ ಇಲ್ಲ. ಗಂಡು. ಇವರು ಅದಕ್ಕೆ ‘ಅಂವ’ ಅನ್ನುತ್ತಿದ್ದರು, ನಾನು ‘ಅದು’ ಅನ್ನುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ, ಅದಕ್ಕೇ ಬೆಕ್ಕು ಸಾಕಿಕೊಂಡಿದ್ದಾರೆ ಎಂದು ನೆಂಟರು ಆಡಿಕೊಂಡರು. ಬೆಕ್ಕು ಮಗುವಿನ ಜಾಗದಲ್ಲೇನೂ ಇರಲಿಲ್ಲ. ಬೆಕ್ಕು ಬೆಕ್ಕಿನ ಜಾಗದಲ್ಲಿತ್ತು, ನಡುವಿನ ಮೆಟ್ಟಿಲ ಮೇಲೆ.

ಮೋಟಾರು ಹೊರಡುವಾಗ ಮಾತ್ರ ಒಳಗೆ ಬಂದು ಅಕ್ಕಿ ಡಬ್ಬಿಯ ಮೇಲೆ ಕೂಡ್ರುತ್ತಿತ್ತು. ಯುದ್ಧ ಸುರುವಾಗಿ ಪೆಟ್ರೋಲಿಗೆ ಕೂಪನ್ನು ಬಂದ ಮೇಲೆ ಮೋಟಾರನ್ನು ಹಾವೇರಿಯಲ್ಲೇ ಬಿಟ್ಟು, ಟ್ರೇಲರಿಗೆ ನೊಗ ಹಚ್ಚಿಸಿ, ಗಾಡಿ ಹೊಡೆಯುವ ಯೂಸುಫಸಾಬನ ಎತ್ತುಗಳನ್ನು ಕಟ್ಟಿದೆವು. ಮೊದಲ ದಿನ ದಾರಿಯಲ್ಲಿ ಯಾರೋ ತಡೆದು, “ಹೊಂಟಾಗ ಬೆಕ್ಕ ಕಂಡ್ರ ಕೆಲಸ ಕೆಡತೈತಲ್ಲೋ ಸಾಬಾ” ಅಂದರು. ಯೂಸುಫಸಾಬ, “ಅಡ್ಡ ಹೋಗೂ ಬೆಕ್ಕ ಬ್ಯಾರೆ. ಇದು ಕೂಡ ಬರೂ ಬೆಕ್ಕ” ಅಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿಗೆ ಊರೆಲ್ಲ ಘಾಟು ಎದ್ದಾಗ ಅದು ಒಂದರ ಮೇಲೊಂದು ಏಳೆಂಟು ಸಲ ಸೀನಿ, ನಾವೇ ತಪ್ಪು ಮಾಡಿದವರಂತೆ ನಮ್ಮನ್ನು ನೋಡುತ್ತಿತ್ತು. ಐರಣಿಯಲ್ಲಿ ಒಂದು ಕಂಬಳಿ ಕೊಂಡೆವು ನಮಗೆಂದು. ಅದರ ಮೇಲೆ ನಾವು ಮಲಗಿದ್ದು ಒಂದೇ ದಿನ.

ಪ್ಲೇಟಿನ ಮೇಲಿನ ಮದ್ದನ್ನು ಇಲಿಗಳು ನೆಕ್ಕಿ ತಿನ್ನುತ್ತವೆ. ಬೆಕ್ಕು ಬರುವ ಮೊದಲು ಎಷ್ಟೋ ಮಂದಿಯ ಮುಖ ಇಲಿಯ ಹೊಟ್ಟೆಗೆ ಹೋಗಿದ್ದವು. ಹೈಪೋ ಇದ್ದ ಒಂಬತ್ತು ವರ್ಷ ಒಂದು ಪ್ಲೇಟಿಗೂ ಹಲ್ಲು ತಾಗಲಿಲ್ಲ. ಐದು ಊರಿನ ಮಂದಿಯ ಮುಖಗಳನ್ನು ಕಾಯ್ದ ಬೆಕ್ಕು ಅದು, ಅದರದೇ ಒಂದು ಫೋಟೋ ಇರಲಿಲ್ಲ. ನಾನು ಆಗಾಗ ಹೇಳುತ್ತಿದ್ದೆ. “ಬೆಕ್ಕ ಎಲ್ಲಿ ಓಡಿ ಹೋಗ್ತದ, ನಾಳೆ ತಗದರಾತು” ಅನ್ನುತ್ತಿದ್ದರು ಇವರು. ಫೋಟೋಗ್ರಾಫರನ ಮನೆಯಲ್ಲಿ ಎಲ್ಲದಕ್ಕೂ ನಾಳೆ ಇರುತ್ತದೆ. ಸತ್ತವರ ಮನೆಗಳಿಗೆ ದಿನಾ ಹೋಗಿ ಬಂದರೂ ಆ ನಾಳೆ ಬಾರದೆಯೂ ಇದ್ದೀತೆಂಬುದು ನಮ್ಮ ತಲೆಗೆ ಹೋಗಲಿಲ್ಲ.

ನಲವತ್ಮೂರರ ಹೊತ್ತಿಗೆ ವಿಲಾಯತಿಯಿಂದ ಪ್ಲೇಟು ಬರುವುದು ನಿಂತೇ ಹೋಯಿತು. ಚೌಕಟ್ಟಿಗೆ ಹಾಕುವ ಗಾಜೂ ಇಲ್ಲ. ಹಳೆಯ ಪ್ಲೇಟುಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ, ಚಿತ್ರ ಕೆರೆದು ತೆಗೆದು, ಬರಿಯ ಗಾಜನ್ನು ಚೌಕಟ್ಟಿಗೆ ಹಾಕಿಕೊಡುತ್ತಿದ್ದೆ. ಒಬ್ಬರ ಮುಖ ಅಳಿಸಿ ಇನ್ನೊಬ್ಬರ ಮುಖಕ್ಕೆ ಹೊದಿಸುವ ಕೆಲಸ. ಆ ವರ್ಷ ಯುಗಾದಿಗೆ ರಾಣೇಬೆನ್ನೂರಿನಲ್ಲಿದ್ದೆವು. ನಮ್ಮ ಹತ್ತಿರ ಉಳಿದದ್ದು ಒಂದೇ ಒಂದು ಪ್ಲೇಟು. ಹೈಪೋ ಆಗಲೇ ಹಾಸಿಗೆ ಹಿಡಿದಿತ್ತು. ಹಾಲು ಮುಂದಿಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು.

ಎಲ್ಲಿಯಾದರೂ ಪ್ಲೇಟು ಸಿಕ್ಕೀತೇನೋ ಎಂದು ಇವರು ಹುಬ್ಬಳ್ಳಿಗೆ ಹೊರಟರು. ಹೊರಡುವಾಗ ನಾನು ಅಂದೆ: “ಆ ಒಂದು ಪ್ಲೇಟ ಗಿರಾಕಿಗೆ ಕೊಡಬ್ಯಾಡ್ರಿ. ಅದು ಬೆಕ್ಕಿಗೆ.”

ಇವರು ಮೆಟ್ಟಿಲ ಮೇಲೆ ಮಲಗಿದ್ದ ಹೈಪೋನ ತಲೆ ನೇವರಿಸಿದರು. “ಹೂಂ. ನಾ ಬರೂದ್ರಾಗ ಅಂವಗ ಭಾಳ ಆದ್ರ ನೀನ ತಗಿ” ಅಂದು ರೈಲಿಗೆ ಹೋದರು.

ಮರುದಿನ ಬೆಳಿಗ್ಗೆ ಬೆಕ್ಕು ಎದ್ದು ನಿಲ್ಲಲೂ ಆಗದೆ ಮಲಗಿತ್ತು. ಬಿಸಿಲು ಮೆಟ್ಟಿಲಿಗೆ ಬರುವ ಹೊತ್ತಿಗೆ ತೆಗೆದುಬಿಡೋಣವೆಂದು ಕ್ಯಾಮರಾವನ್ನು ಹೊರಗೆ ಮೂರು ಕಾಲಿನ ಮೇಲೆ ನಿಲ್ಲಿಸಿ, ಪ್ಲೇಟು ಏರಿಸಿ, ಕರಿಯ ಬಟ್ಟೆ ಹೊದಿಸಿ ಇಟ್ಟಿದ್ದೆ. ಯೂಸುಫಸಾಬ ಎತ್ತುಗಳಿಗೆ ನೀರು ಕುಡಿಸಲು ಬಾವಿಗೆ ಹೋಗಿದ್ದ. ಆಗ ಒಬ್ಬ ಹೆಂಗಸು ಬಂದಳು. ಐವತ್ತರ ಹತ್ತಿರದವಳು, ಕಾಲು ಮೊಣಕಾಲ ತನಕ ಧೂಳು.

“ಫೋಟೋದವರು ಎಲ್ಲದಾರ್ರಿ ಬಾಯಾರ?”

“ಹುಬ್ಬಳ್ಳಿಗೆ ಹೋಗ್ಯಾರ. ನಾಳೆ ಬರ್ತಾರ.”

ಅವಳ ಹೆಸರು ಮೈಲವ್ವ, ಹಲಗೇರಿಯವಳು. ಗಂಡ ಇಲ್ಲ. ಇದ್ದವನು ಒಬ್ಬನೇ ಮಗ, ಉಡಚಪ್ಪ, ಇಪ್ಪತ್ತೆರಡು ವರ್ಷದವನು. ಎರಡು ದಿನ ಜ್ವರ ಬಂದು ಆ ಬೆಳಗಿನ ಜಾವ ಹೋಗಿದ್ದ. ಇದನ್ನೆಲ್ಲ ಅವಳು ದಾರಿ ಕೇಳುವವರ ದನಿಯಲ್ಲಿ ಹೇಳಿದಳು.

“ಮಂದೀನ ಕಳಿಸಿದ್ರ ಇಲ್ಲ ಅಂತೀರೇನೋ ಅಂತ ನಾನ ಬಂದೇನ್ರಿ. ಗ್ವಾಡಿಗೆ ಕುಂದರ್ಸೇವ್ರಿ. ಹೊತ್ತ ಇಳಿಯೂತನಕ ಇಡ್ತೀವ್ರಿ. ಒಂದ ಫೋಟೋ ಆದ್ರ ಸಾಕ್ರಿ. ನನಗ ಅವನ ಮಾರಿ ಮರತ ಹೋಗತೈತಿ ಅಂತ ಅಂಜಿಕಿ ಐತ್ರಿ.”

ಕ್ಯಾಮರಾ ನಮ್ಮಿಬ್ಬರಿಂದ ಮೂರು ಮಾರು ದೂರದಲ್ಲಿತ್ತು. ಎತ್ತು ಕಟ್ಟಿ ಹೊರಟರೆ ಮಧ್ಯಾಹ್ನದೊಳಗೆ ಹಲಗೇರಿ. ಫೋಟೋ ತೆಗೆಯಲು ನನಗೆ ಬರುತ್ತಿತ್ತು. ಇವೆಲ್ಲ ನನ್ನ ತಲೆಯಲ್ಲಿ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂದವು, ಒಂದಾದ ಮೇಲೊಂದು, ಸರಿಯಾಗಿ ಬಂದವು.

“ಪ್ಲೇಟ ಮುಗದಾವವ್ವಾ” ಅಂದೆ. “ಯುದ್ಧ ಅಲ್ಲೇನು. ಎಲ್ಲೂ ಸಿಗವಲ್ವು.”

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಮ್ಮ ಹೈಪೋ ಯಾವತ್ತೂ ಕಣ್ಣು ತೆರೆದೇ ಕುಡಿದದ್ದು. ಕಣ್ಣು ಮುಚ್ಚಿಕೊಂಡವಳು ನಾನು.

ಮೈಲವ್ವ ಮತ್ತೆ ಕೇಳಲಿಲ್ಲ. ಜಗಳ ಮಾಡಿದ್ದರೆ ನನ್ನ ಬಾಯಿಂದ ನಿಜ ಬೀಳುತ್ತಿತ್ತೋ ಏನೋ. ಮೆಟ್ಟಿಲ ಹತ್ತಿರ ನೆಲಕ್ಕೆ ಕೂತು ನೀರು ಕೇಳಿದಳು. ನಾನು ತಂಬಿಗೆಯಿಂದ ಅವಳ ಬೊಗಸೆಗೆ ಎತ್ತರದಿಂದ ಹಾಕಿದೆ. ಕುಡಿದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಬೆಕ್ಕಿನ ಕಡೆ ನೋಡಿದಳು.

“ಇದಕ್ಕೇನಾಗೇತ್ರಿ?”

“ಉಣ್ಣವಲ್ದು. ನಾಕ ದಿನ ಆತು.”

“ನನ್ನ ಮಗ ಕುಂತ್ರ ಅವನ ತೊಡಿ ಮ್ಯಾಗೂ ಒಂದ ಬೆಕ್ಕ ಇರತಿತ್ರಿ. ಯಾವ ಮನೀದಾದ್ರೂ ಬರತಿತ್ತು.” ಸೊಂಟದ ಚೀಲ ಬಿಚ್ಚಿ ಭಂಡಾರ ತೆಗೆದಳು. ಭಂಡಾರವೆಂದರೆ ಮೈಲಾರಲಿಂಗನ ಒಕ್ಕಲಿನವರು ಕಟ್ಟಿಕೊಂಡಿರುವ ಅರಿಷಿಣದ ಪುಡಿ. ಮೂರು ಬೆರಳಿಗೆ ಹಚ್ಚಿಕೊಂಡು ಬೆಕ್ಕಿನ ಬೆನ್ನ ಮೇಲೆ ಉದ್ದಕ್ಕೆ ಎಳೆದಳು. “ಮೈಲಾರಲಿಂಗ ಇದನ್ನಾದ್ರೂ ಉಳಸಲಿ” ಅಂದು ಎದ್ದು ಹೋದಳು.

ನನಗೆ ಸಿಟ್ಟು ಬಂತು. ನೀರು ಕುಡಿದು ಸುಮ್ಮನೆ ಹೋಗಬಾರದೇ ಅನ್ನಿಸಿತು.

ಬಿಸಿಲು ಮೆಟ್ಟಿಲಿಗೆ ಬಂದಾಗ ತೆಗೆದೆ. ಮೆಟ್ಟಿಲು, ಬಾಗಿಲು, ಹೆಸರಿನ ಹಲಗೆ ಎಲ್ಲ ಬರಲಿ ಎಂದು ಕ್ಯಾಮರಾವನ್ನು ದೂರದಲ್ಲೇ ಇಟ್ಟಿದ್ದೆ. ಕ್ಯಾಮರಾದ ಮುಚ್ಚಳ ತೆಗೆದು, ಒಂದು, ಎರಡು, ಮೂರು ಎಂದು ಎಣಿಸಿ ಮುಚ್ಚಬೇಕು. ನಾಲ್ಕು ದಿನದಿಂದ ಕದಲದೆ ಬಿದ್ದಿದ್ದ ಬೆಕ್ಕು ಎರಡು ಅನ್ನುವಾಗ ತಲೆ ಎತ್ತಿ ಹಲಗೇರಿಯ ದಾರಿಯ ಕಡೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ಕಾಗೆ ಕೂಗಿರಬೇಕು. ಆ ದಾರಿಗೂ ಬೆಕ್ಕಿಗೂ ಸಂಬಂಧ ಕಟ್ಟುವಷ್ಟು ಹುಚ್ಚಿ ನಾನಲ್ಲ. ತಿರುಗಿದ್ದು ಮಾತ್ರ ಹೌದು.

ತೊಳೆದು ನೋಡಿದೆ. ಮೈ ಒಂದೊಂದು ಪಕ್ಕೆಲುಬು ಎಣಿಸುವಷ್ಟು ಸ್ಪಷ್ಟ. ತಲೆಯ ಜಾಗದಲ್ಲಿ ಬರೀ ಮಸುಕು. ಒಂದು ಪ್ರತಿಯನ್ನು ಕಾಗದಕ್ಕೆ ಇಳಿಸಿದೆ. ಬಿಳಿಯ ಬೆನ್ನಿನ ಮೇಲೆ ಕರಿಯ ಗೆರೆಗಳು ಮೂರು. ಹಳದಿ ಕಪ್ಪಾಗುತ್ತದೆ ಎಂಬುದನ್ನು ಮೋಟೆಬೆನ್ನೂರಿನಲ್ಲಿ ಕಲಿತಿದ್ದೆವಲ್ಲ. ಗಿರಾಕಿಗಳಿಗೆಲ್ಲ ಮುಖ ತೊಳೆಸಿದವಳು ನಾನು, ಬೆಕ್ಕಿನ ಬೆನ್ನು ಒರೆಸುವುದು ಹೊಳೆಯಲಿಲ್ಲ.

ಇವರು ಬಂದದ್ದು ಎರಡು ದಿನ ಬಿಟ್ಟು. “ತಗದ್ಯಾ?” ಅಂದರು. ತೆಗೆದೆ ಅಂದೆ. ಮೈಲವ್ವ ಬಂದದ್ದನ್ನೂ ಹೇಳಿದೆ, ನಾನಂದದ್ದನ್ನೂ ಹೇಳಿದೆ. ಇವರು ಕೋಟು ಬಿಚ್ಚುತ್ತಿದ್ದವರು ಮತ್ತೆ ತೊಟ್ಟುಕೊಂಡರು.

“ಹಲಗೇರಿಗೆ ಹೋಗಿ ಬರ್ತೀನಿ.”

“ಪ್ಲೇಟ ಸಿಕ್ಕಾವೇನು?”

“ಇಲ್ಲ.”

“ಮತ್ತ ಹೋಗಿ ಏನ ಮಾಡ್ತೀರಿ? ಮಣ್ಣಾಗಿ ಮೂರ ದಿನ ಆತು.”

ಇವರು ಕೋಟು ತೆಗೆದು ಗೂಟಕ್ಕೆ ಹಾಕಿದರು. “ನಾ ಇದ್ದಿದ್ರ ಹೋಗತಿದ್ದೆ” ಅಂದರು. ಅಷ್ಟೇ. ಆ ವಿಷಯವನ್ನು ಮತ್ತೆ ತೆಗೆಯಲಿಲ್ಲ. ತೆಗೆದು ನಾಲ್ಕು ಮಾತು ಬಯ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಹೈಪೋ ಆಮೇಲೆ ಎರಡು ದಿನ ಇತ್ತು. ಬ್ಯಾಡಗಿಯ ದಾರಿಯಲ್ಲಿ, ಟ್ರೇಲರು ನಡೆಯುತ್ತಿರುವಾಗಲೇ ಸತ್ತಿತು. ಯೂಸುಫಸಾಬ ಎತ್ತು ನಿಲ್ಲಿಸಿ, ರಸ್ತೆಯ ಬದಿಯ ಜಾಲಿಗಿಡದ ಕೆಳಗೆ ತಗ್ಗು ತೋಡಿದ. ಐರಣಿಯ ಕಂಬಳಿಯಲ್ಲಿ ಸುತ್ತಿ ಇಟ್ಟೆವು. ಇವರು ಅತ್ತರು. ಯೂಸುಫಸಾಬನೂ ಮೂಗು ಒರೆಸಿಕೊಂಡ. ನಾನು ಅಳಲಿಲ್ಲ. ಅಳು ಬಂದಿದ್ದರೆ ಅದು ಯಾರ ಸಲುವಾಗಿ ಬಂತು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಬ್ಯಾಡಗಿ ಮುಟ್ಟಿ ಒಲೆ ಹೂಡಿ ಅನ್ನಕ್ಕಿಟ್ಟೆ. ಮಾರನೆಯ ದಿನ ಹಾಲಿನವನಿಗೆ ಅರ್ಧ ಪಾವು ಕಡಿಮೆ ಹಾಕು ಎಂದು ಹೇಳಿದೆ. ಒಂದು ವರ್ಷ ಹಾಗೇ ಹೋಯಿತು. ಉಂಡೆ, ಮಲಗಿದೆ, ಹಳೆಯ ಗಾಜು ಕೆರೆದೆ. ನಡುವಿನ ಮೆಟ್ಟಿಲನ್ನು ತುಳಿಯಲಿಲ್ಲ.

ಮರುವರ್ಷ ಸುಗ್ಗಿಯಲ್ಲಿ ಮತ್ತೆ ಬ್ಯಾಡಗಿಗೆ ಬಂದೆವು. ಅಷ್ಟರಲ್ಲಿ ಇವರು ಎಲ್ಲಿಂದಲೋ ಒಂದು ಡಜನು ಪ್ಲೇಟು ಹುಟ್ಟಿಸಿಕೊಂಡು ಬಂದಿದ್ದರು. ಒಂದು ಮಧ್ಯಾಹ್ನ ಮೆಟ್ಟಿಲ ಹತ್ತಿರ ಮೈಲವ್ವ ನಿಂತಿದ್ದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಬಂದಿದ್ದಳಂತೆ. ಕೈ ಎರಡೂ ಕೆಂಪಾಗಿ ಉರಿಯೆದ್ದಿದ್ದವು. ಕಂಕುಳಲ್ಲಿ ಒಂದು ಗಂಟು.

“ಸತ್ತವರನ್ನ ಹೋಲೂ ಮಂದಿ ಇದ್ರ, ಅವರನ್ನ ಕುಂದರ್ಸಿ ಸತ್ತವರ ಫೋಟೋ ಮಾಡತೀರಂತ. ಖರೇ ಏನ್ರಿ?”

ಖರೆಯೇ. ಅಣ್ಣ ಸತ್ತರೆ ತಮ್ಮನಿಗೆ ಅಣ್ಣನ ಅಂಗಿ ತೊಡಿಸಿ ತೆಗೆಯುವುದು, ಅಪ್ಪ ಸತ್ತರೆ ಕಾಕಾನಿಗೆ ಬಿಳಿ ಮೀಸೆ ಬರೆಯುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ. ನಾನು ಒಳಗೆ ನಿಂತು ಕೇಳುತ್ತಿದ್ದೆ. ಹೊರಗೆ ಇವರು ಮಾತಾಡುತ್ತಿದ್ದರು.

“ಅಂವ ಯಾರನ್ನ ಹೋಲತಿದ್ದ? ಕಾಕಾ, ಮಾವ ಯಾರರೆ ಇದ್ದಾರೇನು?”

“ಯಾರೂ ಇಲ್ರಿ. ನನ್ನನ್ನ ಹೋಲತಿದ್ದ” ಅಂದಳು ಮೈಲವ್ವ.

ಗಂಟು ಬಿಚ್ಚಿದಳು. ಉಡಚಪ್ಪನ ರುಮಾಲು, ಅಂಗಿ, ಒಂದು ಕರಿಯ ಕೋಟು. ಮದುವೆಗೆಂದು ಹೊಲಿಸಿದ್ದ ಕೋಟಂತೆ, ಮಡಿಕೆಯೂ ಮುರಿದಿರಲಿಲ್ಲ. ಇವರು ಪರದೆ ಕಟ್ಟಿ ಕುರ್ಚಿ ಇಟ್ಟರು. ನಾನು ಹೊರಗೆ ಬಂದು ಅವಳಿಗೆ ಕೋಟು ತೊಡಿಸಿ ಗುಂಡಿ ಹಾಕಿದೆ. ಅವಳು ನನ್ನ ಗುರುತು ಹಿಡಿದಳು, “ಬೆಕ್ಕ ಉಳೀತೇನ್ರಿ?” ಅಂದಳು. ಇಲ್ಲ ಅಂದೆ. ಕುಂಕುಮವಿಲ್ಲದ ಹಣೆಯ ಮೇಲೆ ಇವರೇ ರುಮಾಲು ಸುತ್ತಿದರು. ಕನ್ನಡಿ ಕೊಟ್ಟರೆ ನೋಡಲು ಒಲ್ಲೆ ಅಂದಳು.

ಕುರ್ಚಿಯಲ್ಲಿ ಕೂತ ಮೇಲೆ ಕೈ ಎಲ್ಲಿಡಬೇಕೋ ತಿಳಿಯದೆ ಒದ್ದಾಡಿದಳು. “ಅವನ ಕೈ ಸುಮ್ಮ ಇರತಿದ್ದಿಲ್ರಿ. ಬೆಕ್ಕಿನ ತಲಿ ಮ್ಯಾಲ ಇರತಿದ್ವು” ಅಂದಳು. ಹಾಗೇ ಇಟ್ಟುಕೊಳ್ಳಿ ಅಂದರು ಇವರು. ಅವಳು ತೊಡೆಯ ಮೇಲೆ ಒಂದು ಕೈಯನ್ನು ಬೋಗುಣಿ ಬೋರಲು ಹಾಕಿದಂತೆ ಇಟ್ಟುಕೊಂಡು ಕಣ್ಣು ಪಿಳುಕಿಸದೆ ಕೂತಳು. ಸತ್ತವರಿಗಿಂತ ಅಲುಗಾಡದೆ ಕೂತಳು.

ಆ ಪ್ಲೇಟಿನ ಮೇಲೆ ನಾಲ್ಕು ದಿನ ಕೆಲಸ ಮಾಡಿದೆ. ಕಣ್ಣಿನ ಕೆಳಗಿನ ಗೆರೆ, ಬಾಯಿಯ ಪಕ್ಕದ ಗೆರೆ, ಹಣೆಯ ಗೆರೆ, ಒಂದೊಂದನ್ನೇ ಪೆನ್ಸಿಲಿನಿಂದ ತುಂಬಿದೆ. ಗೆರೆ ಮುಚ್ಚುತ್ತ ಹೋದ ಹಾಗೆ ಅವಳು ಹೋಗಿ ಒಬ್ಬ ಹುಡುಗ ಬರುತ್ತ ಬಂದ. ಅವತ್ತು ನಾನು ಫೋಟೋ ತೆಗೆಯದೆ ಬಿಟ್ಟವನು. ಅವನಿಗೆ ಕಣ್ಣು ಬರೆಯುವ ಕೆಲಸ ಇರಲಿಲ್ಲ, ತಾಯಿಯ ಕಣ್ಣು ತೆರೆದೇ ಇದ್ದವು. ಕಾಗದಕ್ಕೆ ಇಳಿಸಿ, ಮೀಸೆ ಬರೆದೆ. ತೊಡೆಯ ಮೇಲೆ ಬೋರಲು ಬಿದ್ದ ಕೈ, ಅದರ ಕೆಳಗೆ ಏನೂ ಇಲ್ಲ.

ಪೆಟ್ಟಿಗೆಯಿಂದ ಹೈಪೋನ ಪ್ರತಿಯನ್ನು ತೆಗೆದೆ. ಇದ್ದದ್ದು ಅದೊಂದೇ. ದೂರದಿಂದ ತೆಗೆದದ್ದಾದ್ದರಿಂದ ಬೆಕ್ಕು ಆ ತೊಡೆಗೆ ಸರಿಯಾದ ಅಳತೆಯಲ್ಲಿತ್ತು. ಮಸುಕಾದ ತಲೆಯನ್ನು ಕತ್ತರಿಸಿ ಬಿಟ್ಟು, ಉಳಿದ ಮೈಯನ್ನು ಆ ಬೆರಳುಗಳ ಅಂಚಿಗೆ ಹೊಂದಿಸಿ ಅಂಟಿಸಿದೆ. ತಲೆ ಕೈಯ ಕೆಳಗೆ ಇದೆ ಅನ್ನುವ ಹಾಗೆ ಕಂಡಿತು. ಅಂಚಿಗೆ ಬಣ್ಣ ಕೊಟ್ಟೆ. ಬೆನ್ನಿನ ಮೇಲಿನ ಮೂರು ಕರಿಯ ಗೆರೆಗಳ ಹತ್ತಿರ ಕುಂಚ ಬಂತು. ಎರಡು ಸಲ ಬಿಳಿ ಬಳಿದಿದ್ದರೆ ಮುಗಿದುಹೋಗುತ್ತಿತ್ತು. ಬಳಿಯಲಿಲ್ಲ. ಕುಂಚ ತೊಳೆದು ಇಟ್ಟೆ.

ಚೌಕಟ್ಟಿಗೆ ಗಾಜು ಬೇಕಾಗಿತ್ತು. ಬೆಕ್ಕಿನ ಪ್ಲೇಟನ್ನೇ ಸೋಡಾದ ಬಿಸಿನೀರಿಗೆ ಹಾಕಿದೆ. ಅದಕ್ಕೆ ಮೊದಲು ಇನ್ನೊಂದು ಪ್ರತಿ ಇಳಿಸಿ ಇಟ್ಟುಕೊಳ್ಳಬಹುದಿತ್ತು. ಇವರು ಹಾಗಂದರು ಕೂಡ. “ಬ್ಯಾಡ್ರಿ” ಅಂದೆ. ಮದ್ದು ಸಿಪ್ಪೆಯ ಹಾಗೆ ಎದ್ದು ನೀರಿನಲ್ಲಿ ತೇಲಿತು. ಕೆರೆದು ತೊಳೆದು ಒರೆಸಿ ಚೌಕಟ್ಟಿಗೆ ಕೂಡಿಸಿದೆ.

ಮೈಲವ್ವ ಬಂದ ದಿನ ಅವಳನ್ನು ಒಳಗೆ ಕರೆದೆ. ಹತ್ತು ವರ್ಷದಲ್ಲಿ ಯಾವ ಗಿರಾಕಿಯನ್ನೂ ಒಳಗೆ ಕರೆದವಳಲ್ಲ. ಅವಳು ಅಂಜುತ್ತ ಹತ್ತಿ ಬಂದು ಬಾಗಿಲ ಹತ್ತಿರವೇ ಕೂತಳು. ಫೋಟೋ ಕೈಗೆ ಕೊಟ್ಟೆ. ಬಹಳ ಹೊತ್ತು ಮುಖ ನೋಡಿದಳು.

“ಮೀಸಿ ಇಷ್ಟ ದಪ್ಪ ಇದ್ದಿಲ್ರಿ” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಇರಲಿ. ಇದ್ದಿದ್ರ ಈಗ ಇಷ್ಟ ಬರತಿದ್ವು” ಅಂದಳು.

ಅವಳ ಕಣ್ಣು ಕೆಳಗಿಳಿದು ತೊಡೆಯ ಮೇಲಿನ ಬೆಕ್ಕಿಗೆ ಬಂತು. ಮೊದಲು ಒಂದು ನಗು ಬಂತು ಮುಖಕ್ಕೆ. ನಾನು ನೋಡಿದೆ, ಅದು ನಿಂತದ್ದನ್ನೂ ನೋಡಿದೆ. ಫೋಟೋವನ್ನು ಬೆಳಕಿಗೆ ಹಿಡಿದಳು. ಮೂರು ಬೆರಳು ಕೂಡಿಸಿ ಬೆಕ್ಕಿನ ಬೆನ್ನಿನ ಮೇಲೆ ಇಡಲು ಹೋದಳು. ಚಿತ್ರ ಸಣ್ಣದು, ಒಂದು ಬೆರಳಿಗೇ ಮುಚ್ಚಿಹೋಯಿತು.

“ಇದು ನಿಮ್ಮ ಬೆಕ್ಕ” ಅಂದಳು. “ಇದು ನಾ ಹಚ್ಚಿದ ಭಂಡಾರ.”

ಇವರು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ಕೈ ಮಾಡಿದೆ.

“ಅವತ್ತ ಪ್ಲೇಟ ಇತ್ತು” ಅಂದಳು ಮೈಲವ್ವ. ಕೇಳಿದ್ದಲ್ಲ.

“ಇತ್ತು” ಅಂದೆ. “ಒಂದಿತ್ತು. ಬೆಕ್ಕಿಗೆ ಅಂತ ಇಟ್ಟಿದ್ದೆ. ನೀ ಹೋದ ಮ್ಯಾಲ ತಗದೆ.”

ಬಯ್ಯಲಿ ಎಂದು ನಾನು ಕಾದೆ. ಆ ಒಂದು ವರ್ಷದಲ್ಲಿ ನನಗೆ ಬೇಕು ಅನ್ನಿಸಿದ್ದು ಅದೊಂದೇ. ಅವಳು ಸೆರಗಿನ ತುದಿಯಿಂದ ಗಾಜನ್ನು ಒರೆಸಿದಳು, ತನ್ನ ಬೆರಳಿನ ಗುರುತು ಬಿದ್ದಿದ್ದ ಜಾಗವನ್ನು.

“ಬೆಕ್ಕಿನ್ನ ತಗದು ಬ್ಯಾರೆ ಮಾಡಿ ಕೊಡ್ತೀನಿ ಮೈಲವ್ವ” ಅಂದೆ. “ನಾಕ ದಿನ ಕೊಡು.”

“ಬ್ಯಾಡ್ರಿ. ಬೆಕ್ಕ ಇರಲಿ” ಅಂದಳು. “ಅದರದೇನ ತಪ್ಪ ಐತಿ.”

ಫೋಟೋವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಎದ್ದಳು. ಇಳಿಯುವಾಗ, ಅವತ್ತು ಬೆಕ್ಕು ಮಲಗಿದ್ದ ನಡುವಿನ ಮೆಟ್ಟಿಲನ್ನು ಬಿಟ್ಟು ಇಳಿದಳು. ಆಮೇಲೆ ಮೂರು ವರ್ಷ ಟ್ರೇಲರು ಹಲಗೇರಿಯ ಮೇಲೆ ಹಾದು ಹೋಯಿತು. ಹೈಪೋನ ಫೋಟೋ ಇರುವುದು ಅಲ್ಲಿ ಮೈಲವ್ವನ ಮನೆಯಲ್ಲಿ ಮಾತ್ರ, ನಾನು ನೋಡಲು ಇಳಿಯಲಿಲ್ಲ.